ನಿಮಗಿದು ಗೊತ್ತೆ? ಸದ್ದಿಲ್ಲದೆ ಉಳಿಯುವ ವೈರಸ್

ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ ಹರಡುವುದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ. ನೋವಿಲ್ಲ, ಜ್ವರವಿಲ್ಲ, ಗಂಡಸರೂ ಅರಿವಿಲ್ಲದೆಯೇ ಅದನ್ನು ದಾಟಿಸುತ್ತಾರೆ. ಸಮುದಾಯದಲ್ಲಿ ಅದು ಬೇರೂರುವುದೇ ಹೀಗೆ. ಹತ್ತರಲ್ಲಿ ಸುಮಾರು ಒಂಬತ್ತು ಸೋಂಕುಗಳು ಎರಡು ವರ್ಷದೊಳಗೆ ತಾವಾಗಿ ಹೋಗುತ್ತವೆ. ಹೋಗದೆ ವರ್ಷಗಟ್ಟಲೆ ಉಳಿದವು, ಅದರಲ್ಲೂ 16 ಮತ್ತು 18ನೇ ಬಗೆಯವು, ಅಪಾಯಕಾರಿ. ಸೋಂಕು ಕಂಡಿತೆಂದು ಹೆಣ್ಣಿನ ನಡತೆಯನ್ನು ಶಂಕಿಸುವುದು ಅನ್ಯಾಯ.

ಕರ್ನಾಟಕದ ಗಡಿಗೆ ತಾಗಿದ, ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯಲ್ಲಿ 1999ರಿಂದ 30–59 ವಯಸ್ಸಿನ 1.31 ಲಕ್ಷ ಹೆಂಗಸರ ಅಧ್ಯಯನ ನಡೆಯಿತು. ಒಂದೇ ಸಲ ಎಚ್‌ಪಿವಿ ಪರೀಕ್ಷೆ ನಡೆಸಿದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕಿಳಿಯಿತು. ಠಾಣೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನಲ್ಲಿ ದುಡಿಯುವ ಅಕ್ಕತಂಗಿಯರೇ, ಮೂವತ್ತು ದಾಟಿದ್ದರೆ ಸಂಕೋಚಪಡದೆ ಪರೀಕ್ಷೆ ಮಾಡಿಸಿಕೊಳ್ಳಿ.