ಕಂಬಂ ಕಣಿವೆಯ ಕನ್ನಡಿಗರು ಸ್ವೆಟರ್ ಹೆಣೆಯುತ್ತಾರೆಯೇ?

ಪ್ರಶ್ನೆ: ತೇನಿ, ದಿಂಡಿಗಲ್ ಕಡೆಯ ಕನ್ನಡ ಮನೆಮಾತಿನವರಲ್ಲಿ ಮನೆಯವರಿಗಾಗಿ ಉಣ್ಣೆ ಬಟ್ಟೆ ಹೆಣೆಯುವ ರೂಢಿ ಇದೆಯೇ?

ಉತ್ತರ: ಉಣ್ಣೆಗೆ ಅಲ್ಲಿನ ಬಯಲಿನಲ್ಲಿ ಕೆಲಸ ಕಡಿಮೆ. ದಿಂಡಿಗಲ್ ಜಿಲ್ಲೆಯದೇ ಆದ ಕೊಡೈಕೆನಾಲ್ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಸ್ವೆಟರ್ ಬೇಕಾಗುವುದು ಅಲ್ಲಿ. ಕೆಳಗಿನ ಬಯಲು ಹತ್ತಿಯ ಸೀಮೆ. ಕಂಬಂ ಕಣಿವೆಯ ಕನ್ನಡ ಮಾತಿನ ಕಪ್ಪಿಲಿಯರು ಬೇಸಾಯಗಾರರು. ನೇಯ್ಗೆಯ ಕಸುಬು ದೇವಾಂಗರದು. ಅವರಲ್ಲಿ ಅನೇಕರ ಮನೆಮಾತು ಕನ್ನಡ, ಕುಲದೇವತೆ ಚೌಡೇಶ್ವರಿ.

ದಿಂಡಿಗಲ್‌ನಿಂದ ಮದುರೈಗೆ ಹೋಗುವ ದಾರಿಯ ಚಿನ್ನಾಳಪಟ್ಟಿ ನೇಕಾರರ ಊರು, ಸುಂಗುಡಿ ಸೀರೆಗೆ ಹೆಸರುವಾಸಿ. ನೇಯ್ಗೆ ಹೆಣಿಗೆಯಲ್ಲ: ಹೆಣಿಗೆಯಲ್ಲಿ ಒಂದೇ ಎಳೆ ಕುಣಿಕೆಯಾಗಿ ಸಾಗಿದರೆ, ಮಗ್ಗದಲ್ಲಿ ಹಾಸಿನ ನಡುವೆ ಲಾಳಿ ಹೊಕ್ಕನ್ನು ತೂರಿಸುತ್ತದೆ. ಸುಂಗುಡಿಯ ಚುಕ್ಕಿ ಮಾತ್ರ ನೇಯ್ದದ್ದಲ್ಲ: ಬಟ್ಟೆಯನ್ನು ಚಿಟಿಕೆಯಷ್ಟು ಎತ್ತಿ ದಾರ ಬಿಗಿದು ಬಣ್ಣಕ್ಕೆ ಅದ್ದುತ್ತಾರೆ, ಗಂಟು ಬಿಚ್ಚಿದಾಗ ಬಣ್ಣ ಹತ್ತದ ಜಾಗವೇ ಚುಕ್ಕಿ. ಈಗ ಅಚ್ಚು ಹಾಕಿದ ಸುಂಗುಡಿಯೂ ಮಾರುಕಟ್ಟೆಯಲ್ಲಿ ಸಾಕಷ್ಟಿದೆ.

ಕೊಳ್ಳುವಾಗ ಚುಕ್ಕಿಯ ಮೇಲೆ ಬೆರಳಾಡಿಸಿ ನೋಡಿ: ಕೈಯಲ್ಲಿ ಗಂಟು ಕಟ್ಟಿದ್ದರೆ ಹೊಸ ಬಟ್ಟೆಯಲ್ಲಿ ಸಣ್ಣ ಸುಕ್ಕು ಉಳಿದಿರುತ್ತದೆ, ಚುಕ್ಕಿಗಳೂ ಒಂದರಂತೆ ಒಂದಿರುವುದಿಲ್ಲ.