ಹಳೇ ಗಾಡಿ ‘ಟಿಕ್ ಟಿಕ್’ ಅಂತಿದೆಯಾ? ಟರ್ಬೋ ಬದಲಾಯಿಸುವ ಮುಂಚೆ ಮ್ಯಾನಿಫೋಲ್ಡ್ ನೋಡಿ

ಈ ವಾರ ಬೆಳೆ ಬಗ್ಗೆ ಅಲ್ಲ, ಬೆಳೆ ಹೊರುವ ಗಾಡಿ ಬಗ್ಗೆ ಬರೀತಿದ್ದೀನಿ. ನಮ್ಮಲ್ಲಿ ಬಹಳ ಜನ 12-15 ವರ್ಷ ಹಳೆಯ ಡೀಸೆಲ್ ಎಸ್‌ಯುವಿ ಇಟ್ಕೊಂಡಿದ್ದೀವಿ. ಮನೆ ಮಂದಿಗೂ ಅದೇ, ಗೊಬ್ಬರದ ಮೂಟೆಗೂ ಅದೇ, ಬಾಳೆಗೊನೆಗೂ ಅದೇ.

ಕಳೆದ ಬೇಸಿಗೆಯಲ್ಲಿ ನಂಜನಗೂಡಿನ ನಮ್ಮ ತೋಟದಿಂದ ರಸಬಾಳೆ ಗೊನೆ ತುಂಬಿಕೊಂಡು ಟಿ. ನರಸೀಪುರಕ್ಕೆ ಹೊರಟಿದ್ದೆ. ಗೊನೆ ಉದ್ದ ಇದ್ದುದರಿಂದ ಹಿಂದಿನ ಬಾಗಿಲು ಮುಚ್ಚಲಿಲ್ಲ, ಹಗ್ಗದಲ್ಲಿ ಕಟ್ಟಿದ್ದೆ. ಅಜ್ಜಿ ಮನೆಗೆ ಅಂತ ಮಗಳೂ ಜೊತೆಗಿದ್ದಳು. ಅರ್ಧ ದಾರಿಗೆ ‘ಅಪ್ಪಾ, ತಲೆ ನೋಯ್ತದೆ’ ಅಂದಳು, ಆಮೇಲೆ ವಾಂತಿ. ಬಸ್ಸು-ಕಾರು ಆಗಿಬರಲ್ಲ ಅಂದ್ಕೊಂಡು ಸುಮ್ಮನಾದೆ. ಇಳಿದು ಗಾಳಿಗೆ ಕೂತ ಸ್ವಲ್ಪ ಹೊತ್ತಿಗೆ ಸರಿಹೋದಳು. ವಾಪಸ್ ಬರುವಾಗ ಗೊನೆ ಇರಲಿಲ್ಲ, ಹಿಂದಿನ ಬಾಗಿಲು ಮುಚ್ಚಿತ್ತು, ಕಿಟಕಿ ತೆಗೆದಿತ್ತು. ಅವಳಿಗೆ ಏನೂ ಆಗಲಿಲ್ಲ. ಆಗ ನನಗೆ ಭಯ ಶುರುವಾಯ್ತು.

ಅದಕ್ಕೂ ಮುಂಚೆಯೇ ಗಾಡಿ ಸೂಚನೆ ಕೊಟ್ಟಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಇಂಜಿನ್ ಕಡೆಯಿಂದ ‘ಟಿಕ್ ಟಿಕ್’ ಸದ್ದು, ಬಿಸಿಯಾದ ಮೇಲೆ ಕಡಿಮೆ. ಲೋಡ್ ಹಾಕಿದರೆ ಏರಿನಲ್ಲಿ ಎಳೀತಿರಲಿಲ್ಲ, ಕಪ್ಪು ಹೊಗೆ ಬೇರೆ. ಒಬ್ಬ ಮೆಕ್ಯಾನಿಕ್ ನೋಡಿ ‘ಟರ್ಬೋ ಕೆಟ್ಟೋಗದ ಕಣಪ್ಪ, ಹೊಸದು ಹಾಕ್ಸು’ ಅಂದುಬಿಟ್ಟರು.

ಮ್ಯಾನಿಫೋಲ್ಡ್ ಅಂದರೇನು?

ಇಂಜಿನ್ನಿನ ಪ್ರತಿ ಸಿಲಿಂಡರ್‌ನಿಂದ ಬರುವ ಹೊಗೆಯನ್ನು ಒಂದೇ ಕೊಳವೆಗೆ ಸೇರಿಸುವ ಎರಕದ ಕಬ್ಬಿಣದ ಭಾಗ ಅದು. ಹೊಲದ ನಾಲ್ಕು ಕಾಲುವೆ ಒಂದು ತೂಬಿಗೆ ಸೇರಿದ ಹಾಗೆ. ಅಲ್ಲಿಂದ ಹೊಗೆ ಟರ್ಬೋ ತಿರುಗಿಸಿ, ಸೈಲೆನ್ಸರ್ ಮೂಲಕ ಹಿಂದಕ್ಕೆ ಹೋಗುತ್ತದೆ. ಲೋಡ್ ಇದ್ದಾಗ ಅದರೊಳಗಿನ ಹೊಗೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ದಿನಾ ಬಿಸಿಯಾಗಿ ಹಿಗ್ಗೋದು, ಆರಿ ಕುಗ್ಗೋದು. ವರ್ಷಗಟ್ಟಲೆ ಹೀಗಾದರೆ ಮ್ಯಾನಿಫೋಲ್ಡ್ ಡೊಂಕಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ, ಹಿಡಿದಿರುವ ಸ್ಟಡ್‌ಗಳು ತುಂಡಾಗುತ್ತವೆ. ಹಿಗ್ಗುವ ಎಳೆತ ಎರಡು ತುದಿಯಲ್ಲಿ ಜಾಸ್ತಿ, ಹಾಗಾಗಿ ತುದಿಯ ಸ್ಟಡ್‌ಗಳೇ ಹೆಚ್ಚಾಗಿ ಮೊದಲು ಹೋಗುತ್ತವೆ.

ತಣ್ಣಗಿದ್ದಾಗ ಸಂದು ದೊಡ್ಡದಿರುತ್ತದೆ, ಅದಕ್ಕೇ ಟಿಕ್ ಟಿಕ್. ಬಿಸಿಗೆ ಲೋಹ ಹಿಗ್ಗಿದಾಗ ಸಂದು ಮುಚ್ಚಿ ಸದ್ದು ಇಳಿಯುತ್ತದೆ. ಟರ್ಬೋಗೆ ಮುಂಚೆಯೇ ಹೊಗೆ ಸೋರಿದರೆ ಟರ್ಬೋ ಸಾಕಷ್ಟು ತಿರುಗಲ್ಲ, ಇಂಜಿನ್‌ಗೆ ಗಾಳಿ ಕಡಿಮೆ, ಡೀಸೆಲ್ ಪೂರ್ತಿ ಉರಿಯಲ್ಲ. ಕಪ್ಪು ಹೊಗೆ ಬರೋದು, ಎಳೆಯದೇ ಇರೋದು ಅದಕ್ಕೇ.

ಗಾಡಿ ಒಳಗೆ ಹೊಗೆ ಬರೋದು ಹೇಗೆ?

ದಾರಿ ಎರಡು. ಒಂದು, ಮುಂದೆ ಸೋರಿದ ಹೊಗೆ ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ತೂತುಗಳಿಂದ, ಫ್ಯಾನ್ ಗಾಳಿಯ ಜೊತೆ ಬರೋದು. ಇನ್ನೊಂದು ನಮಗೆ ಗೊತ್ತೇ ಇರಲ್ಲ: ಗಾಡಿ ಓಡುವಾಗ ಹಿಂಬದಿಯಲ್ಲಿ ಗಾಳಿಯ ಒತ್ತಡ ಕಡಿಮೆ ಇರುತ್ತದೆ. ಹಿಂದಿನ ಬಾಗಿಲು ತೆಗೆದಿದ್ದರೆ ಸೈಲೆನ್ಸರ್ ಹೊಗೆ ನೇರ ಒಳಗೆ ಸುತ್ತಿ ಬರುತ್ತದೆ.

ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಡೀಸೆಲ್ ಇಂಜಿನ್ನಿನಲ್ಲಿ ಪೆಟ್ರೋಲ್‌ಗಿಂತ ಇದು ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಇದರ ಗುರುತು. ಗಾಡಿಯಲ್ಲಿ ಇಬ್ಬರಿಗೆ ಒಟ್ಟಿಗೆ ಹೀಗಾದರೆ ತಕ್ಷಣ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಹೊರಗೆ ಬನ್ನಿ. ಮಂಪರು ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ.

ಗೊನೆಗೂ ಇದು ನಷ್ಟವೇ. ನಮ್ಮಜ್ಜಿ ಗುಳಿಯಲ್ಲಿ ಗೊನೆ ಇಟ್ಟು ಹೊಗೆ ಹಾಕಿ ಹಣ್ಣು ಮಾಡ್ತಿದ್ದರಲ್ಲ, ಆ ಹೊಗೆಯಲ್ಲಿ ಕೆಲಸ ಮಾಡೋದು ಎಥಿಲಿನ್ ಅನಿಲ. ಗಾಡಿ ಹೊಗೆಯಲ್ಲೂ ಅದು ಇದೆ. ದೂರದ ಊರಿಗೆ ಕಾಯಾಗಿಯೇ ತಲುಪಬೇಕಾದ ಗೊನೆಗೆ ಹೊಗೆ ತಾಗಬಾರದು. ಸಾವಯವ ಅಂತ ಕೊಟ್ಟ ಹಣ್ಣು ಡೀಸೆಲ್ ವಾಸನೆ ಹೊಡೆದರೆ ಗಿರಾಕಿ ಮತ್ತೆ ಬರಲ್ಲ.

ನೀವೇ ಪರೀಕ್ಷೆ ಮಾಡಿ

1. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬಯಲಲ್ಲಿ ಸ್ಟಾರ್ಟ್ ಮಾಡಿ ಸದ್ದು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಬಿಸಿಯಾದ ಮೇಲೆ ಇನ್ನೊಮ್ಮೆ. ಎರಡನ್ನೂ ಮೆಕ್ಯಾನಿಕ್‌ಗೆ ಕೇಳಿಸಿ.
2. ಇಂಜಿನ್ ಆಫ್ ಮಾಡಿ ಪೂರ್ತಿ ಆರಿದ ಮೇಲೆ ಟಾರ್ಚ್ ಹಾಕಿ ನೋಡಿ. ಮ್ಯಾನಿಫೋಲ್ಡ್ ಕೂಡುವ ಜಾಗದಲ್ಲಿ ಕಪ್ಪು ಮಸಿ ಇದ್ದರೆ ಅಲ್ಲೇ ಸೋರಿಕೆ. ಸ್ಟಡ್, ನಟ್ ಎಣಿಸಿ.
3. ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೆ, ದಪ್ಪ ಕೈಗವಸು ಹಾಕಿ, ಒಬ್ಬರು ಒದ್ದೆ ಗೋಣಿಯಿಂದ ಸೈಲೆನ್ಸರ್ ಬಾಯಿಯನ್ನು 2-3 ಸೆಕೆಂಡ್ ಅರೆ ಮುಚ್ಚಲಿ. ತೂತಿದ್ದ ಕಡೆ ‘ಸುಸ್’ ಅನ್ನುತ್ತದೆ.
4. ಕ್ಯಾಬಿನ್ ತಗಡಿನ ರಬ್ಬರ್ ಬುಷ್, ಹಿಂದಿನ ಬಾಗಿಲಿನ ರಬ್ಬರ್ ಬೀಡಿಂಗ್ ನೋಡಿ.

ರಿಪೇರಿ ಮಾಡಿಸುವಾಗ

ತುಕ್ಕು ಹಿಡಿದ ನಟ್ ಬಲವಂತ ಮಾಡಿದರೆ ಸ್ಟಡ್ ಹೆಡ್ಡಿನೊಳಗೇ ಮುರಿಯುತ್ತದೆ, ಖರ್ಚು ದುಪ್ಪಟ್ಟು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಸಿ. ಬಿಚ್ಚಿದ ಮೇಲೆ ಮ್ಯಾನಿಫೋಲ್ಡ್ ಮುಖಕ್ಕೆ ನೇರ ಪಟ್ಟಿ ಇಟ್ಟು ನೋಡಲಿ. ಡೊಂಕಿದ್ದರೆ ಲೇತ್ ಅಂಗಡಿಯಲ್ಲಿ ಮಟ್ಟ ಮಾಡಿಸದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಮತ್ತೆ ಸುಡುತ್ತದೆ. ಹಳೇ ಗ್ಯಾಸ್ಕೆಟ್ ಮತ್ತೆ ಹಾಕಿಸಬೇಡಿ. ನಟ್ ನಡುವಿನಿಂದ ತುದಿ ಕಡೆಗೆ, ಟಾರ್ಕ್ ಪಾನಾದಲ್ಲಿ ಬಿಗಿ ಮಾಡಬೇಕು. ಸೀಳಿಗೆ ಎಪಾಕ್ಸಿ ಅಂಟು ಹಚ್ಚಿದರೆ ಆ ಬಿಸಿಗೆ ನಿಲ್ಲಲ್ಲ. ಎರಕದ ಕಬ್ಬಿಣಕ್ಕೆ ಸಾದಾ ವೆಲ್ಡಿಂಗ್ ಮಾಡಿದರೆ ಪಕ್ಕದಲ್ಲೇ ಮತ್ತೆ ಸೀಳುತ್ತದೆ.

ನನ್ನ ಗಾಡಿಯನ್ನು ಕೊನೆಗೆ ಟಿ. ನರಸೀಪುರದ ಒಬ್ಬ ಹಿರಿಯ ಮೆಕ್ಯಾನಿಕ್ ನೋಡಿದರು. ಮಸಿ ಮೇಲೆ ಬೆರಳಾಡಿಸಿ ‘ಟರ್ಬೋ ಚೆನ್ನಾಗೇ ಅದ, ಹೊಗೆ ಅದರ ತಂಕ ಹೋಯ್ತಿಲ್ಲ ಅಷ್ಟೆ’ ಅಂದರು. ಎರಡು ಸ್ಟಡ್ ತುಂಡಾಗಿದ್ದವು. ಗ್ಯಾಸ್ಕೆಟ್, ಸ್ಟಡ್, ಲೇತ್ ಕೆಲಸ, ಕೂಲಿ ಎಲ್ಲ ಸೇರಿ ₹3,800 ಆಯ್ತು. ಟರ್ಬೋ ಬದಲಾಯಿಸಿದ್ದರೆ ಇದರ ಹಲವು ಪಟ್ಟು ದುಡ್ಡು ಹೋಗ್ತಿತ್ತು, ಸೋರಿಕೆ ಹಾಗೇ ಉಳೀತಿತ್ತು.

ಒಕ್ಕಣೆ ಕಾಲದ ಎಚ್ಚರಿಕೆ

ರಸ್ತೆ ಮೇಲೆ ಹರಡಿದ ಹುರುಳಿ, ರಾಗಿ ಹುಲ್ಲು ಗಾಡಿ ಅಡಿಗೆ ಸುತ್ತಿಕೊಂಡು ಬಿಸಿ ಕೊಳವೆಗೆ ತಾಗಿದರೆ ಬೆಂಕಿ ಹತ್ತುತ್ತದೆ. ಅಂಥ ಕಡೆ ದಾಟಿದ ಮೇಲೆ ನಿಲ್ಲಿಸಿ ಕೆಳಗೆ ನೋಡಿ. ಒಣಗಿದ ಕಬ್ಬಿನ ಸೋಗೆ, ಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ. ಕೊಟ್ಟಿಗೆ, ಶೆಡ್ ಒಳಗೆ ಇಂಜಿನ್ ಓಡಿಸಿ ಬಿಡಬೇಡಿ.

ಈಗ ನಾನು ಉದ್ದ ಗೊನೆ ಇದ್ದರೆ ಚಿಪ್ಪು ಮಾಡಿ ಕ್ರೇಟಿಗೆ ತುಂಬ್ತೀನಿ, ಇಲ್ಲ ಆಟೋದಲ್ಲಿ ಕಳಿಸ್ತೀನಿ. ಹಿಂದಿನ ಬಾಗಿಲು ತೆಗೆದು ಓಡಿಸೋದು ಬಿಟ್ಟಿದ್ದೀನಿ. ಮಗಳು ಈಗಲೂ ಅಜ್ಜಿ ಮನೆಗೆ ಅದೇ ಗಾಡಿಯಲ್ಲಿ ಬರ್ತಾಳೆ, ಒಂದು ಸಲವೂ ವಾಂತಿ ಆಗಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಗಾಡಿ ಸ್ಟಾರ್ಟ್ ಮಾಡಿದಾಗ ಬಾನೆಟ್ ಎತ್ತಿ ಒಂದು ನಿಮಿಷ ಕಿವಿ ಕೊಡಿ.