ಸಾಲುಗಲ್ಲು ಇಟ್ಟವರು ಯಾರು?

ಕಮಲಾಪುರದ ನಮ್ಮ ತೋಟದಲ್ಲಿ ಕೆಂಪು ಬಾಳೆ ಹಚ್ಚುವಾಗ ಅಪ್ಪ ಹಗ್ಗ ಹಿಡಿದು ಸಾಲು ನೋಡುತ್ತಿದ್ದರು. ಕಲಬುರಗಿಯಿಂದ ಜೇವರ್ಗಿ ದಾಟಿ, ಶಹಾಪುರ ಸಮೀಪದ ವಿಭೂತಿಹಳ್ಳಿಯಲ್ಲಿ ನಿಂತಾಗ ನನಗೆ ಆ ಹಗ್ಗವೇ ನೆನಪಾಯಿತು. ಬಯಲಿನಲ್ಲಿ ದೊಡ್ಡ ಗುಂಡುಗಲ್ಲುಗಳು ಅಂತರ ಕಾಯ್ದುಕೊಂಡು ಓರೆ ಸಾಲುಗಳಲ್ಲಿ ಕೂತಿವೆ.

‘ಪಾಂಡವರು ಇಟ್ಟಾರ್ರೀ’ ಎಂದರು ಜೊತೆಗಿದ್ದ ಹಿರಿಯರು. ಇಂಥದ್ದೇ ಇನ್ನೊಂದು ಕಡೆ, ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಕಲ್ಲುಚಪ್ಪಡಿಯ ಮನೆಗಳನ್ನು ಮೋರ್ಯರೆಂಬ ಕುಳ್ಳರು ಕಟ್ಟಿದರೆಂಬುದು ಅಲ್ಲಿನವರ ಕಥೆ. 19ನೇ ಶತಮಾನದಲ್ಲಿ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ನಮ್ಮ ಭಾಗದ ಇಂಥ ಕಲ್ಲುಗಳನ್ನು ಬ್ರಿಟನ್ನಿನ ಶಿಲಾಸ್ಮಾರಕಗಳಿಗೆ ಹೋಲಿಸಿ, ಮಧ್ಯ ಏಷ್ಯಾದ ಅಲೆಮಾರಿ ಸಿಥಿಯನ್ನರ, ಪ್ರಾಚೀನ ಬ್ರಿಟನ್ನಿನ ಪುರೋಹಿತರಾದ ಡ್ರೂಯಿಡರ ನಂಟು ಊಹಿಸಿದ.

ಆದರೆ ಅದೇ ಟೇಲರ್ ಜೇವರ್ಗಿಯ ಕಲ್ಲುಗುಪ್ಪೆಗಳನ್ನು ಅಗೆಸಿದಾಗ ಸಿಕ್ಕಿದ್ದು ಮನುಷ್ಯರ ಎಲುಬು, ಮಣ್ಣಿನ ಮಡಕೆ. ದಕ್ಷಿಣ ಭಾರತದ ಇಂಥ ಸಮಾಧಿಗಳಲ್ಲಿ ಹೆಚ್ಚಿನವು ಕಬ್ಬಿಣ ಯುಗದವು, ಅಂದರೆ ಎರಡು ಸಾವಿರ ವರ್ಷಕ್ಕೂ ಹಿಂದಿನವು. ಸತ್ತವರನ್ನು ಮರೆಯಬಾರದೆಂದು ಬದುಕಿದ್ದವರು ಹೊತ್ತ ಕಲ್ಲುಗಳು ಅವು. ವಿಭೂತಿಹಳ್ಳಿಯಂಥ ಸಾಲುಗಲ್ಲುಗಳನ್ನು ಪುರಾತತ್ತ್ವಜ್ಞ ಆಲ್ಚಿನ್ 1956ರಲ್ಲಿ ವಿವರಿಸಿದರು. ಅವು ಸೂರ್ಯನ ಚಲನೆ ಗುರುತಿಸಲೋ, ಶ್ರಾದ್ಧದಂಥ ಆಚರಣೆಗೋ ಎಂಬ ಚರ್ಚೆ ಇನ್ನೂ ನಡೆದಿದೆ.

ಇಷ್ಟಾದರೂ ಯಾರಾದರೂ ಇವನ್ನು ಅನ್ಯಗ್ರಹದವರ ಕೆಲಸ ಎಂದರೆ ನನಗೆ ನೋವಾಗುತ್ತದೆ. ಹಗ್ಗ, ಸನಿಕೆ, ಹತ್ತು ಜನರ ಹೆಗಲು ಸೇರಿದರೆ ಏನಾಗುತ್ತದೆಂದು ಒಕ್ಕಲಿಗನ ಮಗನಿಗೆ ಗೊತ್ತು. ನಿಮ್ಮ ಹೊಲದಂಚಿನಲ್ಲಿ ಇಂಥ ಕಲ್ಲುಗಳಿದ್ದರೆ ದಯವಿಟ್ಟು ಕದಲಿಸಬೇಡಿ. ಅವು ಈ ನೆಲದಲ್ಲಿ ನಮಗಿಂತ ಮೊದಲು ದುಡಿದವರ ಗುರುತು.